ಒಂದ ಹಾಲ್, ಒಂದ ದಿನ, ಮೂರ ನಮೂನಿ ಖುರ್ಚಿ

ಹೋದ ವರ್ಷ ಮೇ ತಿಂಗಳದಾಗ ವಿಜಯಪುರದಾಗ ಒಂದು ಕಾರ್ಯಾಗಾರ ಮಾಡಿದ್ವಿ, ದ್ರಾಕ್ಷಿ ಬೆಳೆಗಾರರಿಗೆ, ಒಣದ್ರಾಕ್ಷಿ ಮಾಡೂದ್ರ ಮ್ಯಾಲ. ತಿಕೋಟಾ, ಬಬಲೇಶ್ವರ ಕಡಿಂದ 64 ಮಂದಿ ಹೆಸರ ಬರಸಿದ್ರು, ಅದ್ರಾಗ 19 ಮಂದಿ ಹೆಣ್ಮಕ್ಕಳು. ಹಾಲ್ ಬುಕ್ ಮಾಡೂದು, ಊಟ, ಮೈಕು, ಪ್ರೊಜೆಕ್ಟರು ಎಲ್ಲಾ ನನ್ನ ಕೆಲಸ. ಮದುವಿ ಸೀಸನ್ ಆಗಿದ್ದಕ್ಕ ಹಾಲ್ ಸಿಗೂದ ಕಷ್ಟ ಇತ್ತು, ಕೊನೀಗೆ ಒಂದು ಕಲ್ಯಾಣ ಮಂಟಪ ಸಿಕ್ತು, ಆದ್ರ ಸಂಜಿ 4ಕ್ಕ ಬಿಟ್ಟ ಕೊಡಬೇಕು, 7ಕ್ಕ ಅಲ್ಲೇ ಒಂದು ರಿಸೆಪ್ಶನ್ ಐತಿ ಅಂತ ಮ್ಯಾನೇಜರ್ ಮೊದ್ಲ ಹೇಳಿದ್ರು.

ಫೋನಿನಾಗ ಅವ್ರು ಕೇಳಿದ್ದು ಒಂದ ಪ್ರಶ್ನೆ, "ಎಷ್ಟ ಮಂದಿ ಬರ್ತಾರ್ರಿ?" ನಾನು 64 ಅಂದೆ, ಅವ್ರು "ಚಿಂತಿ ಬಿಡ್ರಿ ಮೇಡಂ, ನಮ್ಮ ಹಾಲಿನಾಗ 250 ಹಿಡಸ್ತಾರ" ಅಂದ್ರು, ಅಲ್ಲಿಗೆ ಮಾತ ಮುಗೀತು. ಬಂದ ಮಂದಿ ಅಲ್ಲಿ ಏನ್ ಮಾಡವ್ರು, ಬರೇ ಕೇಳವ್ರೋ, ಬರಿಯವ್ರೋ, ಕೈಯಾಗ ಏನರ ಹಿಡದ ನೋಡವ್ರೋ, ಅದನ್ನ ಅವ್ರು ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ನನಗ ಈಗ ಅನಸ್ತೈತಿ ಅದ ಮೊದಲನೇ ಪ್ರಶ್ನೆ ಆಗಬೇಕಿತ್ತು ಅಂತ.

ಮುಂಜಾನೆ ಏಳೂವರಿಗೆ ಹೋಗಿ ನೋಡ್ತೀನಿ, 200 ಖುರ್ಚಿ ಸಾಲ ಸಾಲ ಹಾಕಿಬಿಟ್ಟಾರ, ಮುಂದ ಅತಿಥಿಗಳಿಗೆ ಕೆಂಪ ಸೋಫಾ, ಟೀಪಾಯಿ, ಅದ್ರ ಮ್ಯಾಲ ಹೂವಿನ ಕುಂಡ. ಇದನ್ನ ಥಿಯೇಟರ್ ಸ್ಟೈಲ್ ಅಂತಾರ, ಸಿನಿಮಾ ಟಾಕೀಸಿನ ಹಂಗ ಎಲ್ಲಾರ ಮುಖ ಒಂದ ಕಡೆ. ಇದ್ರಾಗ ಒಬ್ಬರಿಗೆ 6ರಿಂದ 8 ಚದರ ಅಡಿ ಜಾಗಾ ಸಾಕಾಕ್ಕೈತಿ, ಸಾಲಿಂದ ಸಾಲಿಗೆ 3 ಅಡಿ ಬಿಟ್ರ ನಡದಾಡಬಹುದು. ಭಾಷಣ ಕೇಳೂದು, ಸನ್ಮಾನ, ಉದ್ಘಾಟನೆ, ದೊಡ್ಡ ಸಮ್ಮೇಳನ, ಇಂಥಾದ್ದಕ್ಕ ಇದಕ್ಕಿಂತ ಚಲೋ ಇನ್ನೊಂದಿಲ್ಲ. ನಮ್ಮದೂ ಮೊದ್ಲ ಅರ್ಧ ತಾಸ ಉದ್ಘಾಟನೆನ ಇತ್ತು, ಅದಕ್ಕ ಇರ್ಲಿ ಅಂತ ಬಿಟ್ಟೆ. ಆದ್ರ 64 ಮಂದಿಗೆ 200 ಖುರ್ಚಿ ಹಾಕಿದ್ರ ಏನಾಕ್ಕೈತಿ ಅಂದ್ರ ಮಂದಿ ಹಿಂದಿಂದ ತುಂಬ್ತಾರ. ಮುಂದಿನ ನಾಕ ಸಾಲ ಖಾಲಿ, ಗಂಡಸ್ರು ನಡಕಿಂದ ಹಿಂದಕ್ಕ, ಹೆಣ್ಮಕ್ಕಳು ಎಲ್ಲಾರೂ ಎಡಗಡೆ ಕೊನೀ ಸಾಲಿನಾಗ ಬಾಗಲದ ಬಾಜೂಕ ಒಂದ ಗುಂಪಾಗಿ. 130 ಖುರ್ಚಿ ಆಗ ತೆಗಸಿಬಿಡಬೇಕಿತ್ತು, ತೆಗಸಲಿಲ್ಲ, ಅದು ನನ್ನ ತಪ್ಪು.

ದೀಪ ಹಚ್ಚೂದು, ಎರಡ ಮಾತು, ಚಾ ಮುಗದ ಮ್ಯಾಲ ತಜ್ಞರು ಸ್ಲೈಡ್ ಹಾಕಿದ್ರು. ದ್ರಾಕ್ಷಿನ ರ‍್ಯಾಕಿಗೆ ಒಣಗಾಕ ಹಾಕೂಕಿಂತ ಮೊದ್ಲ ಅದ್ದೂ ದ್ರಾವಣದ ಲೆಕ್ಕ, ಒಂದ ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಶಿಯಂ ಕಾರ್ಬೊನೇಟು, 15 ಎಂಎಲ್ ಡಿಪಿಂಗ್ ಆಯಿಲ್, ಅಂದ್ರ ಹಣ್ಣ ಅದ್ದಾಕ ಬಳಸೂ ಎಣ್ಣಿ. ಇದು ಇಡೀ ದಿನದಾಗ ಭಾಳ ಮುಖ್ಯ ಸ್ಲೈಡು, ಯಾಕಂದ್ರ ಹಣ್ಣಿನ ಮ್ಯಾಲಿನ ಮೇಣದ ಪದರ ಅದ್ರಿಂದ ಸಡ್ಲ ಆಗಿ ನೀರು ಲಗೂ ಹೊರಗ ಹೋಗೂದು, ಹೋಗದಿದ್ರ ಒಣಗೂದು ತಡಾ, ತಡಾ ಆದಂಗ ಬಣ್ಣ ಕಂದ. ನಾನು ಹಿಂದ ಹೋಗಿ ನಿಂತ ನೋಡಿದೆ, ಒಬ್ಬ ಅಣ್ಣಾರು ನೋಟ್ ಬುಕ್ಕಿನಾಗ 25 ಎಂಎಲ್ ಎಣ್ಣಿ, 15 ಗ್ರಾಂ ಪುಡಿ ಅಂತ ಅದಲ ಬದಲ ಬರಕೊಂಡಿದ್ರು. ಅವರದೇನ ತಪ್ಪಿಲ್ಲ, ಅಲ್ಲಿಂದ ಅಕ್ಷರ ನನಗೂ ಕಾಣಲಿಲ್ಲ. ಸ್ಕ್ರೀನಿನ ಎತ್ತರ 6 ಅಡಿ ಇತ್ತು, ಸ್ಕ್ರೀನಿನ ಎತ್ತರದ ಆರ ಪಟ್ಟಿಗಿಂತ ದೂರ ಕುಂತ್ರ ಸಣ್ಣ ಅಕ್ಷರ ಓದಾಕ ಆಗಂಗಿಲ್ಲ ಅಂತ ಒಂದು ಲೆಕ್ಕ ಐತಿ, ಅಂದ್ರ 36 ಅಡಿ. ಅವ್ರು ಕುಂತಿದ್ದು 50 ಅಡಿ ದೂರ.

ಮೈಕಿನ ಕಥಿ ಬ್ಯಾರೆ. ಟೈಲ್ಸ್ ನೆಲ, ಬರೇ ಗೋಡಿ, ಮುಕ್ಕಾಲ ಖಾಲಿ ಹಾಲು, ಒಂದ ಮಾತು ಎರಡೆರಡ ಸಲ ಬಂದ ಬಡೀತಿತ್ತು. ನಮ್ಮೂರ ಮಂದಿಗೆ ಇದನ್ನ ಹೇಳಿಕೊಡಬೇಕಾಗಿಲ್ಲ, ಗೋಳಗುಮ್ಮಟದಾಗ ಮ್ಯಾಲ ಗ್ಯಾಲರಿಯೊಳಗ ನಿಂತು ಒಂದ ಚಪ್ಪಾಳಿ ಹೊಡದ್ರ ಎಷ್ಟ ಸಲ ಕೇಳ್ತೈತಿ ಅಂತ ಎಣಸದ ಬೆಳದವ್ರ ಯಾರೂ ಇಲ್ಲ. ಅಲ್ಲಿ ಅದು ಬೆರಗು, ಗ್ರಾಂ ಎಷ್ಟು ಎಂಎಲ್ ಎಷ್ಟು ಅಂತ ಕೇಳೂ ಜಾಗಾದಾಗ ಅದು ತ್ರಾಸು.

ಇಷ್ಟಾದ್ರೂ ಹೆಂಗೋ ನಡೀತಿತ್ತು, ನಿಜವಾಗಿ ಕೆಟ್ಟಿದ್ದು 12 ಗಂಟೇಕ್ಕ, ಒಣದ್ರಾಕ್ಷಿ ಟ್ರೇ ತಂದಾಗ. ಹಸರು, ಹಳದಿ, ಕಂದು ಎಲ್ಲಾ ಕೂಡಿದ ಮಾಲು ಕೊಟ್ಟು ಗ್ರೇಡ್ ಮಾಡ್ರಿ ಅನ್ನೂದು ಅಭ್ಯಾಸ. ಟೇಬಲ್ ಇಲ್ಲ. ತೊಡಿ ಮ್ಯಾಲ ಟ್ರೇ ಇಟಗೊಂಡು, ಬಾಜೂ ಇದ್ದವ್ರು ಬಗ್ಗಿ ನೋಡಿ, ಹಿಂದಿನವರಿಗೆ ಬರೇ ಇವರ ಬೆನ್ನ ಕಂಡು, ಒಬ್ಬ ಅಜ್ಜಾರ ತೊಡಿಂದ ಟ್ರೇ ಜಾರಿ ಮಾಲೆಲ್ಲಾ ನೆಲದ ಮ್ಯಾಲ. ಅಜ್ಜಾರು ಒಂದ ಮಾತ ಆಡ್ಲಿಲ್ಲ, ಖುರ್ಚಿ ಸಂದಿಯೊಳಗ ಮೊಣಕಾಲೂರಿ ಒಂದೊಂದ ಕಾಳ ಆರಿಸಿ ಟವೆಲ್ಲಿನಾಗ ಹಾಕ್ಕೊಂಡ್ರು. ನಾಕ ಕಿಲೋ ಹಣ್ಣ ಒಣಗಿದ್ರ ಒಂದ ಕಿಲೋ ಒಣದ್ರಾಕ್ಷಿ, ಅವ್ರಿಗೆ ಆ ಕಾಳಿನ ಬೆಲಿ ಗೊತ್ತು. ಆಮ್ಯಾಲ ತಜ್ಞರು "ಏನರ ಪ್ರಶ್ನೆ ಅದಾವೇನ್ರಿ" ಅಂತ ಕೇಳಿದ್ರ ಇಡೀ ಹಾಲು ಸುಮ್ಮ. 64 ಮಂದಿ, ಒಬ್ಬರಿಗಿಂತ ಒಬ್ಬರು ಅನುಭವಸ್ಥರು, ಒಂದ ಪ್ರಶ್ನೆ ಇಲ್ಲ. ನನಗ ಹೊಟ್ಯಾಗ ಸಂಕಟ ಆತು.

ಊಟಕ್ಕ ಬಿಟ್ವಿ. ನಾನು ಊಟಕ್ಕ ಕುಂದ್ರದ ಶಾಮಿಯಾನಾ ಕಾಕಾನ ಹುಡಕ್ಕೊಂಡ ಹ್ವಾದೆ, ಸಂಜಿ ರಿಸೆಪ್ಶನ್ ಕೆಲಸಕ್ಕ ಅವ್ರು ಹುಡುಗ್ರನ್ನ ಕರಕೊಂಡು ಆಗಲೇ ಬಂದಿದ್ರು. ಹಾಳಿ ಮ್ಯಾಲ ಹಾಲಿನ ನಕ್ಷಾ ತಗದು, 60 ಉದ್ದ 40 ಅಗಲ, ಏನೇನ್ ಮಾಡಬಹುದು ಅಂತ ಇಬ್ಬರೂ ನೋಡಿದ್ವಿ. ಯು ಆಕಾರದಾಗ ಕುಂದ್ರಸೂದು ನನ್ನ ಮೊದಲ ವಿಚಾರ ಇತ್ತು, ಎಲ್ಲಾರ ಮುಖ ಎಲ್ಲಾರಿಗೂ ಕಾಣ್ತೈತಿ, ನಡಕ ತಜ್ಞರು ಅಡ್ಡಾಡಬಹುದು, ಆದ್ರ ಅದು 20-25 ಮಂದಿಗೆ ಬರೋಬ್ಬರಿ, 64 ಮಂದಿ ಯು ಮಾಡಿದ್ರ ಈ ತುದಿಯವ್ರ ಮಾತು ಆ ತುದಿಯವ್ರಿಗೆ ಕೇಳಂಗಿಲ್ಲ. ಸಾಲಿ ಕ್ಲಾಸಿನ ಹಂಗ ಸಾಲಾಗಿ ಟೇಬಲ್ ಹಾಕಿದ್ರ ಬರಿಯಾಕ ಬೇಷ, ಆದ್ರ ಮತ್ತ ಮುಂದಿನವ್ರ ಬೆನ್ನ ನೋಡೂದು. ದುಂಡ ಟೇಬಲ್ ಎಂಟ ಇದ್ವು, 5 ಅಡಿಯವು, ಒಂದಕ್ಕ ಎಂಟ ಮಂದಿ ಹಿಡಸ್ತಾರ, ಲೆಕ್ಕಕ್ಕ ಸರಿ ಕೂಡ್ತೈತಿ, ಆದ್ರ ಎಂಟೂ ಕಡೆ ಕುಂತ್ರ ಅರ್ಧ ಮಂದಿ ಸ್ಕ್ರೀನಿಗೆ ಬೆನ್ನ ಮಾಡಿ ಕುಂದ್ರಬೇಕು, ಸ್ಕ್ರೀನಿನ ಕಡೆ ಖಾಲಿ ಬಿಟ್ಟು ಐದಾರ ಮಂದಿ ಕುಂದ್ರಸಿದ್ರ ಟೇಬಲ್ ಕಮ್ಮಿ ಬೀಳ್ತಾವ.

ಆಗ ಕಾಕಾ ಅಂದ್ರು, "ನೋಡವಾ, ಊಟದ ಟೇಬಲ್ ಎರಡ ಜೋಡಿಸಿದ್ರ ಒಂದ ದೊಡ್ಡ ಟೇಬಲ್ ಆತು. ಒಂದಕ್ಕ ಆರ ಮಂದಿ, ಆ ಕಡೆ ಮೂರು ಈ ಕಡೆ ಮೂರು. ಟೇಬಲ್ಲಿನ ಮೂಗ, ಅಂದ್ರ ಸಣ್ಣ ಬದಿ, ಸ್ಕ್ರೀನಿನ ಕಡೆ ಮಾಡಿ ಹಾಕಿಬಿಡು, ಹೊಳ್ಳಿ ನೋಡೂ ಹರಕತ್ತ ಇರಂಗಿಲ್ಲ, ಕುತ್ತಿಗಿ ಒಂದೀಟ ತಿರುವಿದ್ರ ಸಾಕು."

"ಸ್ಕ್ರೀನು ದೂರ ಆಕ್ಕೈತಿ ಕಾಕಾ."

"ಸ್ಟೇಜ್ ಯಾಕ ಬೇಕವಾ ನಿಮಗ? ಈ ಉದ್ದನ ಗೋಡಿಗೆ ಹಚ್ಚು."

ನನಗ ಅದು ಹೊಳದಿದ್ದೇ ಇಲ್ಲ. ಸ್ಟೇಜ್ ಇದ್ದಲ್ಲೇ ಮುಂದ ಅಂತ ನಾವು ಮನಸಿನಾಗ ಕುಂದ್ರಿಸ್ಕೊಂಡಿರ್ತೀವಿ. ಉದ್ದನ ಗೋಡಿಗೆ ಸ್ಕ್ರೀನ್ ಹಚ್ಚಿದ್ರ ಹಾಲಿನ ಆಳ 60 ಹೋಗಿ 40 ಆತು. ಜೋಡಿಸಿದ ಟೇಬಲ್ 6 ಉದ್ದ 3 ಅಗಲ, ಎರಡೂ ಕಡೆ ಖುರ್ಚಿ ಕೂಡಿ ಅಗಲ 8 ಅಡಿ, ಹಿಂಗ ನಾಕ ಒಂದ ಸಾಲಿಗೆ, ನಡಕ ನಾಕ್ನಾಕ ಅಡಿ ದಾರಿ, ಅಂಥಾ ಮೂರ ಸಾಲು. ಮುಂದ 8 ಅಡಿ ಬಿಟ್ರೂ ಕಟ್ಟಕಡೆಯವ್ರು 34 ಅಡಿಯೊಳಗ. 12 ಜಾಗಾ ಆದ್ವು, ನಮಗ ಬೇಕಾಗಿದ್ದು 11, ಒಂಬತ್ತು ಗುಂಪಿನಾಗ ಆರಾರು, ಎರಡರಾಗ ಐದೈದು. ಉಳದ ಹನ್ನೆರಡನೇ ಜಾಗಾದಾಗ ತೂಕದ ಮಷೀನ್ ಇಟ್ವಿ. ಅದಲ್ಲದ ಸ್ಟೇಜ್ ಖಾಲಿ ಆತಲ್ಲ, ಹೂವಿನವ್ರು ಮೂರ ಗಂಟೇಕ್ಕ ಬಂದು ಸದ್ದ ಮಾಡದ ಅಲ್ಲೇ ಹಾರ ಕಟಗೋತ ಕುಂತ್ರು, ಅವರಿಗೆ ಒಂದ ತಾಸ ಉಳೀತು.

ಕೆಲಸ ಮಾತ್ರ ಸಣ್ಣದಲ್ಲ. ಮಂದಿ ಊಟ ಮುಗಸಿ ಎದ್ದಂಗ ಎದ್ದಂಗ ಒಂದೊಂದ ಟೇಬಲ್ ಒರಸಿ ಹುಡುಗ್ರು ಎತಗೊಂಡ ಬರೂದು, ಇನ್ನೂ ಕೆಲವರ ಎಲಿಯಾಗ ರೊಟ್ಟಿ ಎಣ್ಣಿಗಾಯಿ ಇತ್ತು, ಅವ್ರನ್ನ ಎಬ್ಬಿಸಾಕ ಬರಂಗಿಲ್ಲ. ಟೇಪ್ ಹಿಡದ ಅಳದು ಖಡುವಿನಿಂದ ನೆಲದ ಮ್ಯಾಲ ಗುರ್ತ ಮಾಡಿದ್ವಿ. ಪ್ರೊಜೆಕ್ಟರ್ ವೈರ್ ಗೋಡಿ ಗುಂಟ ಒಯ್ದು ಟೇಪ್ ಹಚ್ಚಿದ್ವಿ, ದಾರ‍್ಯಾಗ ಬಿಟ್ರ ಯಾರರ ಎಡವಿ ಬೀಳೂದ ಗ್ಯಾರಂಟಿ. ಮೇ ತಿಂಗಳಲ್ವಾ, ಫ್ಯಾನ್ ಎಲ್ಲೆಲ್ಲಿ ಅದಾವ ನೋಡಿ ಎರಡ ಟೇಬಲ್ ಸರಸಿದ್ವಿ. ಎದ್ರಿನ ಕಿಟಕಿಗೆ ಜಮಖಾನಿ ಇಳಿಬಿಟ್ವಿ, ಸ್ಕ್ರೀನಿನ ಮ್ಯಾಲ ಬೀಳೂ ಬೆಳಕೂ ನಿಂತು, ಮೈಕಿನ ಪ್ರತಿಧ್ವನಿನೂ ಅರ್ಧ ಕಮ್ಮಿ ಆತು. ಟೇಬಲ್ಲಿಗೆ ಹೊಸ ಬಟ್ಟಿ ಇರಲಿಲ್ಲ, ಊಟಕ್ಕ ಹಾಸೂ ಬಿಳಿ ಪೇಪರ್ ರೋಲ್ ಇತ್ತಲ್ಲ, ಅದನ್ನ ಹಾಸಿದ್ವಿ.

ಯಾರ ಎಲ್ಲಿ ಕುಂದ್ರಬೇಕು ಅನ್ನೂದನ್ನ ಬಾಗಲದಾಗ ಚೀಟಿ ಕೊಟ್ಟ ಹೇಳಿದ್ವಿ. ಹೆಣ್ಮಕ್ಕಳನ್ನ ಒಬ್ಬೊಬ್ಬರನ್ನ ಒಂದೊಂದ ಕಡೆ ಹಾಕಿದ್ರ ಮತ್ತ ಸುಮ್ಮನ ಕುಂದರ್ತಾರ ಅಂತ ಒಂಬತ್ತ ಟೇಬಲ್ಲಿಗೆ ಕನಿಷ್ಠ ಇಬ್ಬಿಬ್ಬರನ್ನ ಹಾಕಿದ್ವಿ. ಇದನ್ನ ಯಾರೂ ನನಗ ಹೇಳಿಕೊಟ್ಟಿದ್ದಲ್ಲ, ನಾನೂ ಒಂದ ಕಾಲಕ್ಕ ಮೀಟಿಂಗಿನಾಗ ಒಬ್ಬಾಕಿನ ಹೆಣ್ಮಗಳಾಗಿ ಕುಂತೀನಿ, ಬಾಜೂಕ ಇನ್ನೊಬ್ಬಾಕಿ ಇದ್ರ ಬಾಯಿ ಹೆಂಗ ಬರ್ತೈತಿ ಅಂತ ಗೊತ್ತು.

ಎರಡಕ್ಕ ಅದ ಟ್ರೇ, ಅದ ಮಾಲು, ಮತ್ತ ಕೊಟ್ವಿ. ಟ್ರೇಯನ್ನ ಸೀದಾ ಪೇಪರಿನ ಮ್ಯಾಲ ಸುರುವಿದ್ರು. ಐದನೇ ಟೇಬಲ್ಲಿನಾಗ ತಿಕೋಟಾ ಕಡೆಯ ಅಕ್ಕಾರೊಬ್ರು, ಮುಂಜಾನಿಂದ ಸೆರಗ ಸರಿ ಮಾಡ್ಕೋತ ಕೊನೀ ಸಾಲಿನಾಗ ಕುಂತಿದ್ದವ್ರು, ಎರಡೂ ಅಂಗೈ ಚಪ್ಪಟಿ ಮಾಡಿ ಮಾಲನ್ನ ಹರವಿ, ಹಸರ ಒಂದ ಕಡೆ, ಹಳದಿ ಒಂದ ಕಡೆ, ಕಂದು ಒಂದ ಕಡೆ ಬೆರಳ ತುದೀಲೆ ಸರಸಾಕ ಹತ್ತಿದ್ರು, ನೋಡಿದ್ರ ಕಣ್ಣಿಗಿಂತ ಕೈ ಜೋರ. ಒಂದ ಕಂದ ಕಾಳ ಎತ್ತಿ ಬಾಜೂ ಇದ್ದ ಅಣ್ಣಾಗ ತೋರಸಿ "ಇದು ಅದ್ದೂ ಔಷಧದ ದೋಷ ಅಲ್ರಿ, ರ‍್ಯಾಕಿನ ಅಂಚಿನ ಮಾಲು, ಸಂಜಿ ಬಿಸಲ ಬಡದೈತಿ, ನೆರಳಿನ ನೆಟ್ ಇಳಿಬಿಟ್ಟಿಲ್ಲ" ಅಂದ್ರು. ಆ ಅಣ್ಣಾ ಪೆನ್ ತಗದು ಪೇಪರಿನ ಮ್ಯಾಲ ತನ್ನ ಶೆಡ್ಡಿನ ಚಿತ್ರ ತಗದ, ಪಡುವಣ ಯಾವ ಕಡೆ, ರ‍್ಯಾಕ್ ಯಾವ ಕಡೆ. ಅಕ್ಕಾರು ಅದ ಪೆನ್ ಇಸಕೊಂಡು ಕೆಳಗ ಲೆಕ್ಕ ಬರದ್ರು, ಕ್ವಿಂಟಲ್ಲಿಗೆ ಕಂದ ಎಷ್ಟ ಬೀಳ್ತೈತಿ, ಆರಸೂ ಕೂಲಿ ಎಷ್ಟು, ನೆಟ್ ಹಾಕಿದ್ರ ಎಷ್ಟ ಉಳೀತೈತಿ. ತಜ್ಞರು ಹಿಂದ ನಿಂತ ಕೇಳಕೋತ ಇದ್ರು, ಆಮ್ಯಾಲ ಮೈಕ್ ತಂದ ಅಕ್ಕಾರ ಕೈಯಾಗ ಕೊಟ್ರು. ಮುಂಜಾನೆ ಅದಲ ಬದಲ ಬರಕೊಂಡ ಅಣ್ಣಾರಿಗೂ ಅವ್ರ ಟೇಬಲ್ಲಿನವ್ರ ತಿದ್ದಿ ಕೊಟ್ಟಿದ್ರು, ನಾನ ಹೇಳೂ ಪ್ರಸಂಗ ಬರಲಿಲ್ಲ. ನಾಕಕ್ಕ ಎಬ್ಬಸಬೇಕಾದ್ರ ಸಾಕಾತು, ಯಾರೂ ಏಳವಲ್ರು.

ಮಂದಿ ಹೋದ ಮ್ಯಾಲ ನಾನು ಹೋಗಬಹುದಿತ್ತು, ಆದ್ರ ಕಾಕಾ ಅದ ಹಾಲನ್ನ ಮೂರನೇ ಸಲ ಹೆಂಗ ಕಟ್ತಾರ ನೋಡೂನು ಅಂತ ನಿಂತೆ. 500 ಮಂದಿಗೆ ಕರಿ ಹೋಗೇತಿ, ಕಾಕಾ ಹಾಕಸಿದ್ದು 150 ಖುರ್ಚಿ. ಕೇಳಿದ್ದಕ್ಕ "ರಿಸೆಪ್ಶನ್ನಿನಾಗ ಮಂದಿ ಕುಂದರಾಕ ಬರಂಗಿಲ್ಲವಾ, ಬಂದು, ಆಯೇರ ಕೊಟ್ಟು, ಫೋಟೋ ತಗಸ್ಕೊಂಡು, ಉಂಡು ಹೋಗ್ತಾರ. ಅದು ಹೊಳಿ ಇದ್ದಂಗ, ನಡುವ ಖುರ್ಚಿ ಹಾಕಿದ್ರ ನೀರ ನಿಂದರ್ತೈತಿ" ಅಂದ್ರು. ಅದಕ್ಕ ಎಡಗಡೆ ಗೋಡಿ ಗುಂಟ 5 ಅಡಿ ಖುಲ್ಲಾ ಬಿಟ್ರು, ಪಾಳಿ ಅಲ್ಲಿಂದ, ಎಡಗಡೆ ಮೆಟ್ಟಲಾ ಹತ್ತೂದು, ಬಲಗಡೆ ಇಳಿಯೂದು, ಇಳದ ಕೂಡಲೇ ಊಟದ ಹಾಲಿನ ಬಾಗಲಾ. ಸ್ಟೇಜಿನ ಮುಂದ 15 ಅಡಿ ವಿಡಿಯೋದವ್ರಿಗೆ ಬಿಟ್ಟು ಅದ್ರ ಹಿಂದ ಮೊದಲ ಎರಡ ಸಾಲ ಕೈ ಇರೂ ಖುರ್ಚಿ, ಮುದುಕ್ರು ಎದ್ದ ಕುಂದರಾಕ ಹಗರ ಆಕ್ಕೈತಿ, ಮತ್ತ ಸೌಂಡ್ ಬಾಕ್ಸಿನಿಂದ ದೂರ. ಎಂಟ ದುಂಡ ಟೇಬಲ್ ಹಿಂದಿನ ಮೂಲ್ಯಾಗ, ಸಣ್ಣ ಕೂಸಿನ ತಾಯಂದ್ರಿಗೆ. ಬಫೆ ಟೇಬಲ್ ಗೋಡಿಗೆ ಹಚ್ಚಲಿಲ್ಲ, ನಡಕ ಹಾಕಿದ್ರು, ಎರಡೂ ಬದೀಲೆ ಬಡಸ್ಕೋಬಹುದು, ಅಂಥಾ ಒಂದ ಲೈನ್ ನೂರ ಮಂದಿಗೆ ಅಂತ ಅವರ ಲೆಕ್ಕ. ನಮ್ಮ 22 ಟೇಬಲ್ ಮತ್ತ ಊಟದ ಹಾಲಿಗೆ ಹೋದ್ವು, ನೆಲದ ಮ್ಯಾಲಿನ ಖಡು ಗುರ್ತ ಒಬ್ಬ ಹುಡುಗ ಒರಸಿ ತಗದ.

ಪೇಪರ್ ರೋಲನ್ನ ಹುಡುಗ್ರು ಮುದ್ದಿ ಮಾಡಿ ಕಸಕ್ಕ ಹಾಕೂದ್ರೊಳಗ ನಾನು ಹನ್ನೊಂದೂ ಸುತ್ತಿ ಜೀಪಿನಾಗ ಇಟ್ಟಿದ್ದೆ, ವರದಿ ಬರಿಯಾಕ ಬೇಕಾಕ್ಕಾವ ಅಂತ. ಆರ ಗಂಟೇಕ್ಕ ಹೊರಗ ಬಂದ್ರ ಗೇಟಿನಾಗ ಅಕ್ಕಾರು ನಿಂತಾರ, ಬಸ್ ಸ್ಟ್ಯಾಂಡಿಂದ ಹೊಳ್ಳಿ ಬಂದಾರ.

"ಬಸ್ಸಿಗೆ ಇನ್ನ ಅರ್ಧ ತಾಸ ಐತ್ರಿ. ನಾ ಬರದ ಲೆಕ್ಕದ ಹಾಳಿ ಇತ್ತಲ್ರಿ, ಚೆಲ್ಲಿಬಿಟ್ರೇನು?"

ಜೀಪಿನ ಬಾಗಲಾ ತಗದು ಒಂದೊಂದ ಬಿಚ್ಚಿ ನೋಡಿದ್ವಿ, ನಾಕನೇದ್ರಾಗ ಸಿಕ್ತು, ಶೆಡ್ಡಿನ ಚಿತ್ರ, ಕೆಳಗ ಅವರ ಅಂಕಿ, ಒಂದ ಮೂಲ್ಯಾಗ ಚಾ ಕಪ್ಪಿನ ಕಲಿ. ನಾನು ಫೋಟೋ ತಕ್ಕೊಂಡೆ. ಅವ್ರು ತಮ್ಮ ಲೆಕ್ಕ ಇದ್ದಷ್ಟ ಹರಕೊಂಡು, ನಾಕ ಮಡಿಕಿ ಮಾಡಿ ಪರ್ಸಿನಾಗ ಇಟಗೊಂಡು, "ಮನಿಯವ್ರಿಗೆ ತೋರಸಬೇಕ್ರಿ, ಇಲ್ಲಂದ್ರ ನಂಬಂಗಿಲ್ಲ" ಅಂತ ಲಗುಬಗೀಲೆ ಸ್ಟ್ಯಾಂಡಿನ ಕಡೆ ಹ್ವಾದ್ರು.