ಕಡಿಮೆ ಓಡಿದ ಗಾಡಿಯ ಬ್ರೇಕು

14 ಸೆಪ್ಟೆಂಬರ್ 2024, ಶನಿವಾರ
ಧಾರವಾಡ

ಬಲಗಡೆಯ ಮುಂಚಕ್ರದ ಒಳಗಿನ ಬ್ರೇಕ್ ಪ್ಯಾಡಿನಲ್ಲಿ ಉಳಿದದ್ದು 2 ಮಿಲಿಮೀಟರ್. ಅದೇ ಚಕ್ರದ ಹೊರಗಿನ ಪ್ಯಾಡಿನಲ್ಲಿ 7. ಚಕ್ರದ ಜೊತೆ ತಿರುಗುವ ಒಂದೇ ಡಿಸ್ಕಿನ ಎರಡು ಮಗ್ಗುಲಿಗೆ ಕೂತು, ಅದನ್ನು ಒತ್ತಿ ಹಿಡಿದು ನಿಲ್ಲಿಸಲು ಒಂದೇ ಪೆಡಲಿನ ಮಾತು ಕೇಳಬೇಕಾದ ಜೋಡಿ ಇದು. ಹೊಸದರಲ್ಲಿ ಎರಡೂ ಸುಮಾರು 10 ಮಿಲಿಮೀಟರ್ ದಪ್ಪ ಇರುತ್ತವೆ. ಮಿಸ್ತ್ರಿ ಎರಡನ್ನೂ ಬೆಂಚಿನ ಮೇಲೆ ಅಕ್ಕಪಕ್ಕ ಇಟ್ಟು, "ಅಕ್ಕಾ, ಗಾಡಿ ಬಹಳ ಕಡಿಮೆ ಓಡಿದೆ ಎಂದಿರಲ್ಲ, ನೋಡಿರಿ" ಎಂದ.

ಇಂದು ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ದಿನವಿಡೀ ಹುಬ್ಬಳ್ಳಿಯ ಗೋಕುಲ ರಸ್ತೆಯ ಗ್ಯಾರೇಜಿನಲ್ಲಿ ಸ್ಟೂಲಿನ ಮೇಲೆ ಕೂತಿದ್ದೆ. ಗಣೇಶನ ಹಬ್ಬದ ಹನ್ನೊಂದು ದಿನ ಇನ್ನೂ ಮುಗಿದಿಲ್ಲ. ಪೆಂಡಾಲುಗಳ ದೆಸೆಯಿಂದ ಊರೊಳಗಿನ ಬಹಳಷ್ಟು ರಸ್ತೆಗಳು ಅರ್ಧ ಅಗಲಕ್ಕೆ ಇಳಿದಿವೆ. ಹೆಜ್ಜೆಗೊಮ್ಮೆ ಬ್ರೇಕು ಒತ್ತುತ್ತ ಗ್ಯಾರೇಜು ಸೇರುವಷ್ಟರಲ್ಲಿ, ಬಿಚ್ಚಿ ನೋಡದೆ ಇನ್ನು ಒಂದು ದಿನವೂ ಓಡಿಸಬಾರದು ಎಂಬುದು ಕಾಲಿಗೇ ಗೊತ್ತಾಗಿತ್ತು.

ಗಾಡಿ 2016ರದ್ದು, ಸಣ್ಣ ಹ್ಯಾಚ್‌ಬ್ಯಾಕು. ನಮ್ಮ ಸಪ್ತಾಪುರದ ಓಣಿಯಲ್ಲೇ ಇರುವ ಕಾಕಾ ಅವರಿಂದ ಕೊಂಡದ್ದು. ಮಕ್ಕಳು ಹೊರದೇಶದಲ್ಲಿ, ಕಾಕಾ ಗಾಡಿ ತೆಗೆಯುತ್ತಿದ್ದದ್ದು ಮದುವೆ ಮುಂಜಿಗೆ, ಆಗೊಮ್ಮೆ ಈಗೊಮ್ಮೆ ನುಗ್ಗಿಕೇರಿ ಹನುಮಪ್ಪನ ಗುಡಿಗೆ. ಉಳಿದ ದಿನವೆಲ್ಲ ಅದು ಶೆಡ್ಡಿನಲ್ಲಿ ಹೊದಿಕೆ ಹೊದ್ದು ನಿಂತಿರುತ್ತಿತ್ತು. ಮೀಟರಿನಲ್ಲಿ 30,000 ಕಿಲೋಮೀಟರ್ ಕೂಡ ತುಂಬಿರಲಿಲ್ಲ. ಕೊಳ್ಳುವಾಗ ನೋಡಿದವರೆಲ್ಲ ಅದೃಷ್ಟ ಎಂದರು. ಎಂಜಿನ್ನಿನ ಮಟ್ಟಿಗೆ ಇರಬಹುದು. ಬ್ರೇಕಿನ ಮಟ್ಟಿಗೆ ಹೇಳುವುದಾದರೆ, ದಿನಾ ಹುಬ್ಬಳ್ಳಿ–ಧಾರವಾಡ ಓಡಾಡಿ ಪ್ಯಾಡ್ ಸವೆಸಿಕೊಂಡು, ಸವೆದಾಗಲೆಲ್ಲ ಬದಲಾಯಿಸಿಕೊಂಡ ಗಾಡಿಯೇ ನಿಂತ ಗಾಡಿಗಿಂತ ಮೇಲು. ಹಳೆಯ ಗಾಡಿಗಳ ಜಾಹೀರಾತಿನಲ್ಲಿ "ಒಬ್ಬರೇ ಮಾಲೀಕರು, ಕಡಿಮೆ ಓಡಿದೆ" ಎಂಬ ಸಾಲು ಕಂಡರೆ ಇನ್ನು ಮುಂದೆ ನಾನು ಮೊದಲು ಕೇಳುವುದು, ಎಷ್ಟು ತಿಂಗಳು ನಿಂತಿತ್ತು ಎಂದು.

ಒಂದೇ ಚಕ್ರದ ಎರಡು ಪ್ಯಾಡುಗಳಲ್ಲಿ ಇಷ್ಟು ವ್ಯತ್ಯಾಸ ಏಕೆ ಎಂದು ಮಿಸ್ತ್ರಿಯನ್ನು ಕೇಳಿದೆ. ಸಣ್ಣ ಗಾಡಿಗಳ ಮುಂಚಕ್ರದ ಕ್ಯಾಲಿಪರಿನಲ್ಲಿ, ಅಂದರೆ ಎರಡೂ ಪ್ಯಾಡುಗಳನ್ನು ಹಿಡಿದಿರುವ ಚಿಮಟದಂತಹ ಭಾಗದಲ್ಲಿ, ಒತ್ತುವ ಪಿಸ್ಟನ್ ಇರುವುದು ಒಳಮಗ್ಗುಲಲ್ಲಿ ಮಾತ್ರ. ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಆ ಒತ್ತಡಕ್ಕೆ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಒಳಕ್ಕೆ ಜಾರಿ, ಹೊರಗಿನ ಪ್ಯಾಡನ್ನೂ ಎಳೆದು ತರಬೇಕು. ಪಿನ್ನಿನ ರಬ್ಬರ್ ಟೋಪಿ ಹರಿದು ನೀರು ಹೋಗಿ, ಗ್ರೀಸ್ ಒಣಗಿ ತುಕ್ಕು ಹಿಡಿದರೆ ಜಾರುವುದು ನಿಲ್ಲುತ್ತದೆ. ಆಮೇಲೆ ದುಡಿಯುವುದು ಒಳಗಿನದೊಂದೇ. ಹೊರಗಿನದು ಹಾಜರಿ ಹಾಕಿ ಸುಮ್ಮನಿರುತ್ತದೆ. ನಮ್ಮ ಗಾಡಿಯ ಒಂದು ಪಿನ್ನನ್ನು ಸುತ್ತಿಗೆಯಿಂದ ಬಡಿದು ಹೊರತೆಗೆಯಬೇಕಾಯಿತು.

ನವಲೂರಿನ ಇಳಿಜಾರಿನಲ್ಲಿ ಬ್ರೇಕು ಹಾಕಿದಾಗಲೆಲ್ಲ ಸ್ಟೀರಿಂಗ್ ಎಡಕ್ಕೆ ಎಳೆಯುತ್ತಿದ್ದದ್ದಕ್ಕೂ ಇದೇ ಕಾರಣ. ಬಲಚಕ್ರ ಅರೆಮನಸ್ಸಿನಿಂದ ಹಿಡಿಯುತ್ತಿತ್ತು, ಎಡಚಕ್ರ ಪೂರ್ತಿ ಹಿಡಿಯುತ್ತಿತ್ತು. ಗಾಡಿ ಹಿಡಿದ ಕಡೆಗೆ ತಿರುಗುತ್ತದೆ. ಎಳೆತ ಬ್ರೇಕು ಹಾಕಿದಾಗ ಮಾತ್ರವೋ, ಸುಮ್ಮನೆ ಓಡುವಾಗಲೂ ಇದೆಯೋ ಎಂದು ಗಮನಿಸಬೇಕು. ಸುಮ್ಮನೆ ಓಡುವಾಗಲೂ ಒಂದೇ ಕಡೆಗೆ ಎಳೆದರೆ ಟೈರಿನ ಗಾಳಿ, ಅಲೈನ್‌ಮೆಂಟ್ ನೋಡಿಸಬೇಕು. ಅಥವಾ ಪಿಸ್ಟನ್ ಹಿಂದೆ ಸರಿಯದೆ ಆ ಕಡೆಯ ಪ್ಯಾಡು ಡಿಸ್ಕನ್ನು ಬಿಡದೆ ಉಜ್ಜುತ್ತಿರಬಹುದು. ಹಾಗೆ ಉಜ್ಜುವ ಚಕ್ರ ಸ್ವಲ್ಪ ದೂರ ಓಡಿದ ಮೇಲೆ ಬೇರೆ ಚಕ್ರಗಳಿಗಿಂತ ಹೆಚ್ಚು ಬಿಸಿಯಾಗಿರುತ್ತದೆ. ಹತ್ತಿರ ಕೈ ಒಡ್ಡಿದರೆ ಸಾಕು, ಮುಟ್ಟಬಾರದು.

ಸದ್ದಿನ ವಿಷಯದಲ್ಲಿ ಜನ ವಿನಾಕಾರಣ ಹೆದರುತ್ತಾರೆ, ಹೆದರಬೇಕಾದಾಗ ಹೆದರುವುದಿಲ್ಲ. ಧಾರವಾಡದ ಮಳೆಯಲ್ಲಿ ರಾತ್ರಿ ನಿಂತ ಗಾಡಿಯ ಡಿಸ್ಕಿನ ಮೇಲೆ ಬೆಳಗಾಗುವಷ್ಟರಲ್ಲಿ ತೆಳುವಾದ ತುಕ್ಕು ಮೂಡಿರುತ್ತದೆ. ಗೇಟು ದಾಟುವಾಗ ಖರ ಖರ ಎನ್ನುತ್ತದೆ, ನಾಲ್ಕಾರು ಬಾರಿ ಬ್ರೇಕು ಒತ್ತಿದರೆ ಹೋಗುತ್ತದೆ. ಅದಕ್ಕೆ ಏನೂ ಮಾಡಬೇಕಾಗಿಲ್ಲ. ಪ್ರತಿ ಬಾರಿ ಬ್ರೇಕು ಹಾಕಿದಾಗಲೂ ಕೀರಲು ಸದ್ದು ಬಂದರೆ ಅದು ಬೇರೆ: ಪ್ಯಾಡಿಗೆ ಜೋಡಿಸಿರುವ ಸಣ್ಣ ಲೋಹದ ನಾಲಗೆ, ಪ್ಯಾಡ್ ತೆಳುವಾದ ಮೇಲೆ ಡಿಸ್ಕಿಗೆ ತಗುಲಿ ಕಿರುಚುವಂತೆಯೇ ಮಾಡಿರುತ್ತಾರೆ. ಅದನ್ನು ಧೂಳಿನ ಲೆಕ್ಕಕ್ಕೆ ಬರೆದು ತಿಂಗಳುಗಟ್ಟಲೆ ಓಡಿಸಿದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು ಶುರುವಾಗುತ್ತದೆ. ಅಷ್ಟು ಹೊತ್ತಿಗೆ ಪ್ಯಾಡಿನ ಜೊತೆ ಡಿಸ್ಕಿನ ಖರ್ಚೂ ಬಂದಿರುತ್ತದೆ.

ಇದಕ್ಕೆ ಮುಂಚೆ ಒಂದು ಸರ್ವಿಸ್ ಕೇಂದ್ರದಲ್ಲಿ ತೋರಿಸಿದ್ದೆ. ಹೆಸರು ಬೇಡ. ಅವರು ಕೊಟ್ಟ ಪಟ್ಟಿಯಲ್ಲಿ ಪ್ಯಾಡು, ಎರಡೂ ಡಿಸ್ಕು, ಹಿಂಚಕ್ರಗಳ ಬ್ರೇಕಿನ ಡ್ರಮ್ಮು, ಅದನ್ನು ಒಳಗಿನಿಂದ ಒತ್ತಿ ಹಿಡಿಯುವ ಲೈನರು, ಕೊನೆಗೆ ಕಾಲಿನ ಒತ್ತಡಕ್ಕೆ ನಿರ್ವಾತದ ಬಲ ಸೇರಿಸುವ ಬೂಸ್ಟರೂ ಇತ್ತು. ಆದರೆ ಒಂದು ಚಕ್ರವನ್ನೂ ಬಿಚ್ಚಿರಲಿಲ್ಲ. ಕಾಗದಪತ್ರ ನೋಡದೆ ಸಾಲ ಮಂಜೂರು ಮಾಡಿದ ಹಾಗಾಯಿತು ಇದು. ನಮ್ಮಲ್ಲಾದರೆ ಅಮಾನತಿನ ಆದೇಶ ಬರುತ್ತದೆ. ಬೂಸ್ಟರ್ ಕೆಟ್ಟಿದೆಯೇ ಎಂದು ನೋಡಲು ಗ್ಯಾರೇಜೂ ಬೇಕಿಲ್ಲ. ಎಂಜಿನ್ ಬಂದ್ ಮಾಡಿ ಪೆಡಲನ್ನು ಕೆಲವು ಬಾರಿ ಒತ್ತಿದರೆ ಒಳಗೆ ಉಳಿದ ನಿರ್ವಾತ ಖಾಲಿಯಾಗಿ ಪೆಡಲು ಗಟ್ಟಿಯಾಗುತ್ತದೆ. ಹಾಗೆಯೇ ಒತ್ತಿ ಹಿಡಿದು ಎಂಜಿನ್ ಚಾಲೂ ಮಾಡಿದರೆ ಪೆಡಲು ತುಸು ಕೆಳಗಿಳಿಯಬೇಕು. ನಮ್ಮ ಮನೆಯ ಅಂಗಳದಲ್ಲೇ ನೋಡಿದೆ, ಇಳಿಯಿತು. ಇಳಿಯದಿದ್ದರೆ ಬೂಸ್ಟರು, ಇಲ್ಲವೇ ಅದಕ್ಕೆ ಹೋಗುವ ನಿರ್ವಾತದ ಕೊಳವೆ. ಆಗಲೂ ಕೊಳವೆಯನ್ನು ಮೊದಲು ನೋಡಬೇಕು, ಅದು ಅಗ್ಗ.

ಡಿಸ್ಕಿನ ಕನಿಷ್ಠ ದಪ್ಪ ಎಷ್ಟಿರಬೇಕೆಂದು ಅದರ ಮೇಲೆಯೇ ಅಚ್ಚೊತ್ತಿರುತ್ತದೆ. ಮಿಸ್ತ್ರಿ ತುಕ್ಕು ಉಜ್ಜಿ ಅಂಕಿ ತೋರಿಸಿದ, ಅಳೆದೂ ತೋರಿಸಿದ. ನಮ್ಮವು ಇನ್ನೂ ಬಾಳುತ್ತವೆ. ಅಂಚಿನ ತುಕ್ಕನ್ನು ತೆಗೆದು ಅವನ್ನೇ ಉಳಿಸಿದೆವು.

ಬ್ರೇಕು ಹಾಕಿದಾಗ ಪೆಡಲು, ಸ್ಟೀರಿಂಗ್ ಅದುರುವುದು ಇನ್ನೊಂದು ಸಾಮಾನ್ಯ ದೂರು. "ಡಿಸ್ಕು ಬೆಂಡಾಗಿದೆ" ಎಂದು ಎಲ್ಲರೂ ಒಂದೇ ಮಾತಿನಲ್ಲಿ ತೀರ್ಪು ಕೊಡುತ್ತಾರೆ. ಹೆಚ್ಚಿನ ಸಲ ಆಗಿರುವುದು ಡಿಸ್ಕಿನ ದಪ್ಪ ಸುತ್ತಲೂ ಒಂದೇ ಸಮ ಇಲ್ಲದಿರುವುದು. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಪ್ಯಾಡು ಒತ್ತಿಕೊಂಡಿದ್ದ ಜಾಗದಲ್ಲಿ ತುಕ್ಕಿನ ಕಲೆ ಕೂತು, ಆ ಜಾಗ ಬಂದಾಗಲೆಲ್ಲ ಹಿಡಿತ ಬದಲಾಗುತ್ತದೆ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್, ಅಂದರೆ ಜೋರಾಗಿ ಬ್ರೇಕು ಹಾಕಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ, ಕಡ್ಡಾಯವಾಗಿದೆ. ಅದಿರುವ ಗಾಡಿಯಲ್ಲಿ ಜೋರಾಗಿ ಬ್ರೇಕು ಒತ್ತಿದಾಗ ಪೆಡಲು ಪಟಪಟ ಎನ್ನುವುದು ಸಹಜ. ಅದಕ್ಕೂ ಹಿಂದಿನ ನಮ್ಮಂತಹ ಗಾಡಿಗೆ ಆ ಸಬೂಬು ಇಲ್ಲ. ಅಣ್ಣಿಗೇರಿಯಿಂದ ಬರುವ ನಮ್ಮ ಸಹೋದ್ಯೋಗಿಯೊಬ್ಬರ ಗಾಡಿ ಮಳೆಗಾಲದಲ್ಲಿ ಅದುರತೊಡಗಿ, ಅವರು ಡಿಸ್ಕು ಬದಲಿಸಲು ಹೊರಟಿದ್ದರು. ಹೊಲದ ದಾರಿಯ ಎರೆಮಣ್ಣು ರಿಮ್ಮಿನ ಒಳಮಗ್ಗುಲಿಗೆ ಮೆತ್ತಿಕೊಂಡು ಒಣಗಿತ್ತು, ಅಷ್ಟೇ. ಬ್ರೇಕು ಒತ್ತದೆ ಬರೀ ವೇಗಕ್ಕೇ ಅದುರುತ್ತಿದ್ದರೆ ಡಿಸ್ಕಿನ ಅಂಗಡಿಗೆ ಹೋಗುವ ಮೊದಲು ನೀರಿನ ಪೈಪು ಹಿಡಿಯಬೇಕು.

ನಿಂತ ಗಾಡಿಯ ನಿಜವಾದ ಶತ್ರು ಬ್ರೇಕ್ ಆಯಿಲ್. ಪೆಡಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವ ಅದು ಗಾಳಿಯ ತೇವವನ್ನು ಹೀರುವ ದ್ರವ. ಗಾಡಿ ಓಡಲಿ ಬಿಡಲಿ, ಹೀರುತ್ತಲೇ ಇರುತ್ತದೆ. ಅದಕ್ಕೇ ಬಹುತೇಕ ಗಾಡಿಗಳಿಗೆ ಎರಡು ವರ್ಷಕ್ಕೊಮ್ಮೆ ಬದಲಿಸಿ ಎನ್ನುತ್ತಾರೆ, ಕಿಲೋಮೀಟರಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಡಾಟ್ 3 ದರ್ಜೆಯ ಹೊಸ ಆಯಿಲ್ ಕುದಿಯಬೇಕಾದರೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ 230, ಇಳಿದರೆ 155. ಹುಬ್ಬಳ್ಳಿ–ಧಾರವಾಡದ ನಡುವೆ ಈ ಅಂಕಿಗಳಿಂದ ಏನೂ ಆಗಲಿಕ್ಕಿಲ್ಲ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಆಗುತ್ತದೆ. ಮುಂದೆ ಅದಿರಿನ ಲಾರಿ, ಹಿಂದೆ ಗ್ಯಾಸ್ ಟ್ಯಾಂಕರು, ನಡುವೆ ನಾವು ಬ್ರೇಕಿನಿಂದ ಕಾಲು ತೆಗೆಯದೆ ಇಳಿದರೆ ಕ್ಯಾಲಿಪರಿನ ಬಿಸಿಗೆ ಆಯಿಲ್ ಕುದಿದು ಆವಿಯಾಗುತ್ತದೆ. ಆವಿ ಒತ್ತಿದರೆ ಕುಗ್ಗುತ್ತದೆ. ಪೆಡಲು ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಘಟ್ಟವನ್ನು ಎರಡನೇ ಗೇರಿನಲ್ಲಿ ಇಳಿಯಬೇಕೆಂದು ಹಳೆಯ ಚಾಲಕರು ಹೇಳುವುದು ಪೆಟ್ರೋಲ್ ಉಳಿಸಲು ಅಲ್ಲ, ಎಂಜಿನ್ನಿನಿಂದಲೇ ಗಾಡಿ ತಡೆದು ಬ್ರೇಕಿಗೆ ಬಿಡುವು ಕೊಡಲು.

ನಮ್ಮ ಗಾಡಿಯ ಆಯಿಲ್ ಕಡುಕಂದು ಬಣ್ಣಕ್ಕೆ ತಿರುಗಿತ್ತು. ಸರ್ವಿಸ್ ಪುಸ್ತಕದಲ್ಲಿ ಅದನ್ನು ಬದಲಿಸಿದ ದಾಖಲೆ ಎಲ್ಲಿಯೂ ಇಲ್ಲ. ಬದಲಿಗೆ "ಟಾಪ್ ಅಪ್" ಎಂದು ಬರೆದಿದ್ದಾರೆ, ಅದೂ ಪ್ರತಿ ಸಲ. ನನಗೆ ಸಿಟ್ಟು ಬಂದದ್ದು ಇದಕ್ಕೆ. ಪ್ಯಾಡು ಸವೆದಂತೆ ಪಿಸ್ಟನ್ ಮುಂದೆ ಬರುತ್ತದೆ, ಡಬ್ಬಿಯ ಮಟ್ಟ ತಾನಾಗಿ ಇಳಿಯುತ್ತದೆ. ಸವೆತ ಬಿಟ್ಟರೆ ಮಟ್ಟ ಇಳಿಯಲು ಇರುವ ಇನ್ನೊಂದು ಕಾರಣ ಸೋರಿಕೆ. ಕಾರಣ ನೋಡದೆ ಮೇಲಿಂದ ಸುರಿದರೆ ಗಾಡಿ ಹೇಳುತ್ತಿರುವ ಮಾತಿನ ಬಾಯಿ ಮುಚ್ಚಿದಂತೆ.

ಸೋರಿಕೆ ಇದ್ದೇ ಇತ್ತು. ಹಿಂದಿನ ಎಡಡ್ರಮ್ಮನ್ನು ಕಳಚಿದಾಗ ಲೈನರನ್ನು ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಮಡಿಕೆಯ ಕೆಳಗೆ ತೇವ, ಲೈನರಿನ ಒಂದು ಅಂಚು ಆಯಿಲ್ ಕುಡಿದು ಕಪ್ಪಾಗಿತ್ತು. ಆಯಿಲ್ ಕುಡಿದ ಲೈನರನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ ಮತ್ತೆ ಹಾಕುವ ಪದ್ಧತಿ ಇದೆ. ಮಿಸ್ತ್ರಿ ಅದಕ್ಕೆ ಒಪ್ಪಲಿಲ್ಲ, ನಾನೂ ಕೇಳಲಿಲ್ಲ. ಸಿಲಿಂಡರನ್ನೂ ಎರಡೂ ಕಡೆಯ ಲೈನರನ್ನೂ ಹೊಸದಾಗಿ ತರಿಸಿದೆವು. ಒಂದೇ ಕಡೆ ಹೊಸದು ಹಾಕಿದರೆ ಮತ್ತೆ ಎಳೆತ ಶುರು. ಹುಡುಗನೊಬ್ಬ ಡ್ರಮ್ಮಿನ ಧೂಳನ್ನು ಗಾಳಿಯ ಪೈಪಿನಿಂದ ಊದಲು ಬಂದ. ಬೇಡ, ಒದ್ದೆ ಬಟ್ಟೆಯಿಂದ ಒರೆಸಪ್ಪಾ ಎಂದೆ. ಹಳೆಯ ಲೈನರುಗಳ ಧೂಳಿನಲ್ಲಿ ಕಲ್ನಾರು ಇರಬಹುದು. ಇಲ್ಲದಿದ್ದರೂ ಅದು ಎದೆಯೊಳಗೆ ಹೋಗಬೇಕಾದ ಪದಾರ್ಥವಲ್ಲ. ಹುಡುಗ ನನ್ನನ್ನು ವಿಚಿತ್ರವಾಗಿ ನೋಡಿ ಬಟ್ಟೆ ತಂದ.

ಮಧ್ಯಾಹ್ನ ಊಟ ಮುಗಿದ ಮೇಲೆ ಬ್ರೇಕಿನ ಕೊಳವೆಗಳಿಂದ ಹಳೆಯ ಆಯಿಲನ್ನೂ ಗಾಳಿಯನ್ನೂ ಹೊರಹಾಕುವ, "ಏರ್ ತೆಗೆಯುವ" ಕೆಲಸ. ಪೆಡಲು ಒತ್ತುವವಳು ನಾನೇ. ಪೆಡಲು ಒತ್ತಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಹಿಂದಿನ ಎಡಚಕ್ರದಿಂದ ಶುರು. "ಒತ್ತಿ ಹಿಡಿಯಿರಿ" ಎಂದಾಗ ಒತ್ತಿ ಹಿಡಿಯಬೇಕು. ಮಿಸ್ತ್ರಿ ಚಕ್ರದ ಬಳಿಯ ನಿಪ್ಪಲ್, ಅಂದರೆ ಆಯಿಲ್ ಹೊರಬಿಡುವ ತಿರುಪು, ಸಡಿಲಿಸಿದಾಗ ಪೆಡಲು ಕುಸಿಯುತ್ತದೆ. ಅವನು ಬಿಗಿ ಮಾಡಿ "ಬಿಡಿರಿ" ಎನ್ನುವವರೆಗೆ ಕಾಲು ಎತ್ತುವಂತಿಲ್ಲ, ಎತ್ತಿದರೆ ಗಾಳಿ ಮತ್ತೆ ಒಳಗೆ. ಬಾಟಲಿಗೆ ಮೊದಲು ಕಂದು ಆಯಿಲ್, ನಡುವೆ ಗುಳ್ಳೆಗಳು, ಆಮೇಲೆ ತಿಳಿಹಳದಿ ಬಂತು. ನಾಲ್ಕೂ ಚಕ್ರ ಮುಗಿಯುವಷ್ಟರಲ್ಲಿ ಸ್ಪಂಜಿನಂತಿದ್ದ ಪೆಡಲು ಮೇಲುಗಡೆಯೇ ಗಟ್ಟಿಯಾಗಿ ನಿಂತಿತು. ಒಂದು ಹನಿ ಬಾನೆಟ್ಟಿನ ಅಂಚಿಗೆ ಬಿದ್ದಾಗ ಮಿಸ್ತ್ರಿ ಓಡಿಬಂದು ನೀರು ಸುರಿದ, ಬಣ್ಣ ಕೀಳುತ್ತದಂತೆ.

ಆಮೇಲೆ ಪೆಡಲನ್ನು ಒಂದೇ ಸಮ ಒತ್ತಿ ಹಿಡಿದು ಕೂರಲು ಹೇಳಿದ. ಹೊರಗೆ ಎಲ್ಲೂ ಸೋರಿಕೆ ಇಲ್ಲದೆ ಪೆಡಲು ಮೆಲ್ಲಗೆ ಕೆಳಗಿಳಿಯುತ್ತ ಹೋದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರು ಆಯಿಲನ್ನು ಹಿಂದಕ್ಕೆ ಬಿಡುತ್ತಿದೆ ಎಂದರ್ಥ. ನಮ್ಮದು ಇಳಿಯಲಿಲ್ಲ. ಅದೊಂದು ಖರ್ಚು ತಪ್ಪಿತು.

ಹೊಸ ಪ್ಯಾಡು ಮೊದಲ ದಿನಗಳಲ್ಲಿ ಪೂರ್ತಿ ಹಿಡಿಯುವುದಿಲ್ಲ, ಡಿಸ್ಕಿನ ಜೊತೆ ಹೊಂದಿಕೊಳ್ಳಬೇಕು. ಗಾಡಿ ಕಡಿಮೆ ಇರುವ ರಸ್ತೆಯಲ್ಲಿ 50ರಿಂದ 15ರವರೆಗೆ ಮೆತ್ತಗೆ ವೇಗ ಇಳಿಸುವುದು, ಪೂರ್ತಿ ನಿಲ್ಲಿಸದೆ ಮತ್ತೆ ಏರಿಸುವುದು, ನಡುವೆ ತಣಿಯಲು ಬಿಡುವುದು. ಇಂದು ಸಂಜೆ ಅಂತಹ ರಸ್ತೆ ಹುಬ್ಬಳ್ಳಿಯಲ್ಲಿ ಎಲ್ಲಿತ್ತು? ಉಣಕಲ್ ಕೆರೆ ದಾಟುವವರೆಗೂ ಆಟೋಗಳ ಬಾಲ ಹಿಡಿದೇ ಬಂದೆ. ಪಕ್ಕದಲ್ಲಿ ಬಸ್ಸುಗಳಿಗೇ ಮೀಸಲಾದ ಬಿಆರ್‌ಟಿಎಸ್ ಪಥದಲ್ಲಿ ಚಿಗರಿ ಬಸ್ಸುಗಳು ಯಾರ ಹಂಗೂ ಇಲ್ಲದೆ ಹೋಗುತ್ತಿದ್ದವು. ರಾಯಾಪುರದ ಆಚೆ ಸ್ವಲ್ಪ ಬಿಡುವು ಸಿಕ್ಕಿತು. ಸ್ಟೀರಿಂಗಿನ ಮೇಲೆ ಕೈ ಸಡಿಲ ಬಿಟ್ಟು ಬ್ರೇಕು ಒತ್ತಿದೆ. ಗಾಡಿ ನೇರಕ್ಕೆ ನಿಧಾನವಾಯಿತು.

ಉಳಿದಿರುವುದು ಹ್ಯಾಂಡ್ ಬ್ರೇಕು. ಕಾಕಾ ಅದನ್ನು ಎಳೆದಿಟ್ಟೇ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ಬಿಡುತ್ತಿದ್ದರು. ಹೀಗೆ ಬಿಟ್ಟರೆ ಮಳೆಗಾಲದಲ್ಲಿ ಲೈನರು ಡ್ರಮ್ಮಿಗೆ ಅಂಟಿಕೊಳ್ಳುತ್ತದೆ, ಕೇಬಲ್ಲು ತನ್ನ ಕವಚದೊಳಗೇ ತುಕ್ಕು ಹಿಡಿಯುತ್ತದೆ. ಐದಾರು ಹಲ್ಲಿಗೆ ಹಿಡಿಯಬೇಕಾದದ್ದು ನಮ್ಮಲ್ಲಿ ಲಿವರು ಆಕಾಶ ನೋಡಿದ ಮೇಲೂ ಅನುಮಾನ. ಹೊಸ ಕೇಬಲ್ಲು ಮುಂದಿನ ವಾರ ಬರುತ್ತದೆ ಎಂದಿದ್ದಾನೆ. ಅಲ್ಲಿಯವರೆಗೆ ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಇಟ್ಟಂಗಿ ಕೊಡುವುದು.

ದಸರಾ ರಜೆಗೆ ಅಂಕೋಲೆಗೆ ಹೋಗೋಣ ಎಂದು ಅತ್ತೆಯವರು ಹಬ್ಬಕ್ಕೆ ಮುಂಚೆಯೇ ಹೇಳಿಟ್ಟಿದ್ದಾರೆ. ಕೇಬಲ್ಲು ಹಾಕಿಸಿ, ಕೆಲವು ದಿನ ಊರಲ್ಲೇ ಓಡಿಸಿ ನೋಡಿದ ಮೇಲೆ ಘಟ್ಟ ಇಳಿಯುವ ಮಾತು ಎಂದು ರಾತ್ರಿ ಊಟಕ್ಕೆ ಕೂತಾಗ ತಿಳಿಸಿದೆ. ಬೇಕಾದಷ್ಟು ನಿಧಾನ ಮಾಡು, ಹುಬ್ಬಳ್ಳಿಯಿಂದ ಅಂಕೋಲೆಗೆ ಬಸ್ಸಿದೆ ಎಂದರು.