ರಿಪೋರ್ಟ್ ನಾರ್ಮಲ್, ನೋವು ಮಾತ್ರ ಹೋಗಿಲ್ಲ

ರಿಪೋರ್ಟ್ ನಾರ್ಮಲ್ ಬಂದ ಕೂಡಲೇ ಮನೆಯವರು "ಏನೂ ಇಲ್ಲ, ಸುಮ್ಮನೆ ತಲೆಗೆ ಹಚ್ಚಿಕೊಂಡಿದ್ದೀಯ" ಅಂದುಬಿಡುತ್ತಾರೆ. ದಯವಿಟ್ಟು ಹಾಗನ್ನಬೇಡಿ. ಎದೆ ಉರಿ, ತಲೆ ಭಾರ, ಮೈಕೈ ನೋವು ಎಲ್ಲವೂ ನಿಜವಾಗಿಯೇ ಇರುತ್ತವೆ. ಅವುಗಳ ಬಗ್ಗೆ "ದೊಡ್ಡ ರೋಗವೇ ಇರಬೇಕು" ಅನ್ನುವ ಮಿತಿಮೀರಿದ ಭಯ ಬಿಡದೆ ಕಾಡುವುದೂ ಒಂದು ಕಾಯಿಲೆ, ಹೆಸರು ಸೊಮ್ಯಾಟಿಕ್ ಸಿಂಪ್ಟಮ್ ಡಿಸಾರ್ಡರ್.

ಮನೋರೋಗಗಳನ್ನು ಗುರುತಿಸಲು ಡಾಕ್ಟರುಗಳು ಬಳಸುವ ಅಮೆರಿಕದ ಕೈಪಿಡಿ, 2013ರ ಡಿಎಸ್‌ಎಂ-5, ಈ ಕಾಯಿಲೆಯನ್ನು ಗುರುತಿಸುವ ಬಗೆಯನ್ನೇ ಬದಲಿಸಿತು. ನೋವಿಗೆ ಕಾರಣ ಸಿಕ್ಕಿತೋ ಇಲ್ಲವೋ ಅನ್ನುವುದು ಈಗ ಮುಖ್ಯವಲ್ಲ. ಆರು ತಿಂಗಳಿಗೂ ಹೆಚ್ಚು ಕಾಲ ಆ ಭಯ, ಯೋಚನೆ, ಆಸ್ಪತ್ರೆಗಳ ಓಡಾಟ ದಿನವನ್ನು ಎಷ್ಟು ನುಂಗುತ್ತಿದೆ ಎಂದು ನೋಡುತ್ತಾರೆ. ನಮ್ಮ ಕಡೆಗೆ ಇದು ಬಹಳ ಮುಖ್ಯ. ಬಾಗೇಪಲ್ಲಿ, ಪಾವಗಡದ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದೆ. ವರ್ಷಗಟ್ಟಲೆ ಕುಡಿದರೆ ಕೀಲು ಬಿಗಿಯುತ್ತದೆ, ನೋಯುತ್ತದೆ. ಅಂಥವರಿಗೆ ಕೀಲುನೋವೂ ಇರಬಹುದು, ಆತಂಕವೂ ಇರಬಹುದು. ಎರಡಕ್ಕೂ ಚಿಕಿತ್ಸೆ ಬೇಕು.

ಭಯ ಬೆಳೆಯುವುದು ಹೀಗೆ: ಗಡ್ಡೆ ಇದೆಯಾ ಅಂತ ಕುತ್ತಿಗೆಯನ್ನು ಮತ್ತೆ ಮತ್ತೆ ಒತ್ತಿದರೆ ಆ ಜಾಗವೇ ನೋಯತೊಡಗುತ್ತದೆ, ಆ ನೋವೇ ಸಾಕ್ಷಿಯಾಗುತ್ತದೆ. ಗಾಬರಿಯಲ್ಲಿ ಜೋರಾಗಿ ಉಸಿರಾಡಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು ಬೆರಳು, ತುಟಿ ಜುಮ್ಮೆನ್ನುತ್ತವೆ, ತಲೆ ತಿರುಗುತ್ತದೆ. ಇನ್ನೊಂದು ಸ್ಕ್ಯಾನ್ ಮಾಡಿಸಿದರೆ ಸಮಾಧಾನ ಕೆಲವೇ ದಿನ.

ಒಬ್ಬರೇ ಡಾಕ್ಟರನ್ನು ಹಿಡಿಯಿರಿ. ನೋವು ಇರಲಿ ಬಿಡಲಿ, 4ರಿಂದ 6 ವಾರಕ್ಕೊಮ್ಮೆ ಗೊತ್ತಾದ ದಿನ ಹೋಗಿ. ಗೂಗಲ್ ಮಾಡಬೇಕೆನಿಸಿದಾಗ ಅರ್ಧ ಗಂಟೆ ತಡೆಯಿರಿ, ಆ ತವಕ ತಾನೇ ಇಳಿಯುತ್ತದೆ. ಮುಟ್ಟಿ ನೋಡಿಕೊಳ್ಳುವುದನ್ನು ಎಣಿಸಿ ಬರೆದು, ವಾರವಾರ ಕಡಿಮೆ ಮಾಡಿ. ಯೋಚನೆ, ಅಭ್ಯಾಸಗಳನ್ನು ಮಾತುಕತೆಯಿಂದ ತಿದ್ದುವ ಸಿಬಿಟಿ ಚಿಕಿತ್ಸೆಯಲ್ಲೂ ಕಲಿಸುವುದು ಇಂಥದ್ದನ್ನೇ.

ಮಾತ್ರೆ ಬರೆದರೆ ಹೆಚ್ಚಾಗಿ ಎಸ್‌ಎಸ್‌ಆರ್‌ಐ, ಅಂದರೆ ಖಿನ್ನತೆ, ಆತಂಕಕ್ಕೆ ಕೊಡುವ ಒಂದು ಬಗೆಯ ಮಾತ್ರೆ. ಮೊದಲ ವಾರ ಹೊಟ್ಟೆ ತೊಳಸುವುದು, ಚಡಪಡಿಕೆ ಸಾಮಾನ್ಯ. ಈ ಕಾಯಿಲೆಯವರು ಮಾತ್ರೆ ಬಿಡುವುದೂ ಆಗಲೇ, ಹೊಸ ರೋಗ ಬಂತು ಅಂತ ಹೆದರಿ. ಗುಣ ಕಾಣಲು 4ರಿಂದ 6 ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಮೆಡಿಕಲ್ ಶಾಪಿನಲ್ಲಿ ಕೇಳಿ ಗಾಬರಿ ಇಳಿಸುವ ಆಲ್ಪ್ರಜೋಲಾಮ್ ಮಾತ್ರೆ ತರಬೇಡಿ, ಅದು ಚಟವಾಗುತ್ತದೆ.

ತೂಕ ಇಳಿಯುವುದು, ರಕ್ತ ಬೀಳುವುದು, ಬಿಡದ ಜ್ವರ ಕಂಡರೆ ತಡಮಾಡದೆ ತೋರಿಸಿ. ನಡೆದಾಗ ಎದೆ ಹಿಡಿಯುವುದು, ಒಂದು ಬದಿ ಸೋಲುವುದು ಆದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ.

ಕೋಲಾರವಾಗಲಿ ತುಮಕೂರಾಗಲಿ, ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಹೋಗುವಾಗ ಹಳೆಯ ರಿಪೋರ್ಟುಗಳನ್ನು ತಾರೀಕಿನ ಪ್ರಕಾರ ಒಂದೇ ಫೈಲಿನಲ್ಲಿ ಜೋಡಿಸಿ ಒಯ್ಯಿರಿ, ಇಲ್ಲದಿದ್ದರೆ ಅದೇ ಟೆಸ್ಟುಗಳನ್ನು ಮತ್ತೆ ಬರೆಯುತ್ತಾರೆ.