ಮಳೆಮಾಪಕದ ಲಾಗ್: ಮೂರೂ ಪೈಥಾನ್, ಇದರಲ್ಲಿ ಮಳೆ ಯಾವುದು?

ಶನಿವಾರ

ಮನೆಯ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರಿನಲ್ಲಿ ಮೂರು ಪೈಥಾನ್ ಸ್ಕ್ರಿಪ್ಟ್ (ಪೈಥಾನ್ ಭಾಷೆಯ ಚಿಕ್ಕ ಪ್ರೋಗ್ರಾಂ) ಓಡುತ್ತವೆ: ಮಳೆ, ತಾಪ, ತೊಟ್ಟಿ. ಫೈಲ್ ಹೆಸರೂ ಕನ್ನಡದಲ್ಲೇ, ‘ಡಾಟ್ ಪಿವೈ’ ಬಾಲವಿಲ್ಲದೆ. ಹಟ ಅನ್ನಿ. ಇವತ್ತು ಮಳೆ ಸ್ಕ್ರಿಪ್ಟ್ ಹ್ಯಾಂಗ್ ಆಯ್ತು. ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ ತೋರಿಸುವ ಟಾಪ್ ತೆರೆದರೆ ಮೂರು ಸಾಲಲ್ಲೂ ‘ಪೈಥಾನ್3’. ಅವಸರಕ್ಕೆ ಬಿದ್ದು, ಹೆಸರು ನೋಡಿ ಪ್ರೋಗ್ರಾಂ ನಿಲ್ಲಿಸುವ ಪೀಕಿಲ್‌ಗೆ ಅದೇ ಹೆಸರು ಕೊಟ್ಟೆ, ಮೂರೂ ಸತ್ತವು. ಮಳೆಯನ್ನು ಎಬ್ಬಿಸಿ, ಉಳಿದೆರಡನ್ನು ಮರೆತು ಮಲಗಿದೆ.

ಭಾನುವಾರ

ತೊಟ್ಟಿಯ ರಾತ್ರಿ ಲೆಕ್ಕ ಹೋಗಿದೆ. ಸಿಟ್ಟಿಗೆ ಇಡೀ ದಿನ ಇದಕ್ಕೇ ಕೊಟ್ಟೆ.

ಲಿನಕ್ಸ್‌ನಲ್ಲಿ ಪ್ರೋಸೆಸ್‌ನ (ಓಡುತ್ತಿರುವ ಪ್ರೋಗ್ರಾಮಿನ) ಹೆಸರು ಎರಡು ಕಡೆ ಸಿಗುತ್ತೆ. ಪ್ರಾಕ್ ಡೈರೆಕ್ಟರಿಯಲ್ಲಿ ಅದರ ನಂಬರಿನಡಿ ‘ಕಾಮ್’ ಅಂತೊಂದು ಫೈಲು, ‘ಸಿಎಂಡಿಲೈನ್’ ಅಂತ ಇನ್ನೊಂದು. ಮೊದಲನೆಯದು ಬರೀ ಚಿಕ್ಕ ಹೆಸರು, ಎರಡನೆಯದು ಪೂರ್ತಿ ಕಮಾಂಡು. ಟಾಪ್, ಪೀಗ್ರೆಪ್ (ಹೆಸರಿನಿಂದ ಪ್ರೋಸೆಸ್ ಹುಡುಕೋದು), ಪೀಕಿಲ್ ಸುಮ್ಮನೆ ಬಿಟ್ಟರೆ ನೋಡೋದು ಕಾಮ್ ಅನ್ನೇ. ಟಾಪ್‌ನಲ್ಲಿ ‘ಸಿ’ ಒತ್ತಿದ್ದರೆ ಪೂರ್ತಿ ಕಮಾಂಡು ಕಾಣುತ್ತಿತ್ತು, ನಿನ್ನೆ ಹೊಳೆಯಲಿಲ್ಲ.

ಎಕ್ಸೆಕ್ ಆದಾಗ (ಪ್ರೋಸೆಸ್ ಒಳಗೆ ಹೊಸ ಪ್ರೋಗ್ರಾಂ ಲೋಡ್ ಮಾಡಿ ಓಡಿಸುವಾಗ) ಯಾವ ಫೈಲ್ ಓಡಿಸು ಅಂದೆವೋ ಅದರ ಹೆಸರನ್ನೇ ಲಿನಕ್ಸಿನ ತಿರುಳಾದ ಕರ್ನಲ್ ಕಾಮ್‌ಗೆ ಬರೆಯುತ್ತೆ. ಶೆಬಾಂಗ್ ಸಾಲು (ಯಾವುದರಿಂದ ಓಡಿಸಬೇಕು ಅಂತ ಹೇಳುವ, ಸ್ಕ್ರಿಪ್ಟಿನ ಮೊದಲ ಸಾಲು) ನೋಡಿ ಒಳಗೆ ಪೈಥಾನ್ ಲೋಡ್ ಮಾಡಿದರೂ ಹೆಸರು ಸ್ಕ್ರಿಪ್ಟಿನದೇ. ಹಾಗಾದರೆ ನನ್ನವು ಯಾಕೆ ಪೈಥಾನ್ ಆದವು? ನನ್ನ ಶೆಬಾಂಗ್‌ನಲ್ಲಿ ಪೈಥಾನ್ ಎಲ್ಲಿದೆ ಅಂತ ಹುಡುಕಿ ಓಡಿಸುವ ‘ಎನ್ವ್’ ಇತ್ತು! ಮೊದಲ ಎಕ್ಸೆಕ್‌ನಲ್ಲಿ ಎನ್ವ್ ನನ್ನ ಸ್ಕ್ರಿಪ್ಟಿನ ಹೆಸರು ಹೊತ್ತೇ ಏಳುತ್ತೆ. ಆಮೇಲೆ ಅದು ಪೈಥಾನನ್ನು ತಾನೇ ಎಕ್ಸೆಕ್ ಮಾಡುತ್ತೆ, ಹೆಸರು ಅಳಿಸಿಹೋಗುತ್ತೆ. ಎನ್ವ್ ತೆಗೆದು ಪೈಥಾನ್‌ನ ಪೂರ್ತಿ ಪಾತ್ ಹಾಕಿದೆ. ಹೇಳಿದ ಹೊತ್ತಿಗೆ ಪ್ರೋಗ್ರಾಂ ಓಡಿಸುವ ಕ್ರಾನ್‌ನಲ್ಲಿ ಸ್ಕ್ರಿಪ್ಟಿನ ಹೆಸರಿಗೆ ಮೊದಲು ‘ಪೈಥಾನ್3’ ಅಂತ ಬರೆದಿದ್ದರೂ ಇದೇ ಗತಿ.

ನಡುವೆ ಪೀಕಿಲ್‌ನ ‘ಎಫ್’ ಆಯ್ಕೆಯನ್ನೂ ನೋಡಿದೆ. ಅದು ಪೂರ್ತಿ ಕಮಾಂಡಿನಲ್ಲಿ ಹುಡುಕುತ್ತೆ, ಹಾಗಾಗಿ ಮಳೆ ಫೈಲನ್ನು ತೆರೆದು ಕೂತಿದ್ದ ವಿಮ್ ಎಡಿಟರ್ ಕೂಡ ಸತ್ತಿತು. ಸೇವ್ ಮಾಡದ ಬದಲಾವಣೆ ಕಾಯುವ ಸ್ವಾಪ್ ಫೈಲ್ ಇತ್ತು, ಬಚಾವ್.

ಬುಧವಾರ

ಮಳೆ ಸರಿ, ತಾಪ ಸರಿ. ತೊಟ್ಟಿಯ ಕಾಮ್ ಅನ್ನು ಕ್ಯಾಟ್ ಮಾಡಿ ಓದಿದರೆ ‘ತೊಟ್ಟ’. ಏನು ತೊಟ್ಟ, ಯಾರು ತೊಟ್ಟ?

ಕಾಮ್‌ಗೆ ಇರುವ ಜಾಗ 16 ಬೈಟ್, ಅದರಲ್ಲಿ ಕೊನೆಯದು ಹೆಸರು ಮುಗಿಯಿತು ಅನ್ನುವ ಸೊನ್ನೆಗೆ. ಉಳಿಯೋದು 15. ಅಕ್ಷರಗಳನ್ನು ಬೈಟ್ ಆಗಿಸುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಕೋಡ್‌ಪಾಯಿಂಟಿಗೆ (ಯುನಿಕೋಡಿನಲ್ಲಿ ನಂಬರಿರುವ ಪ್ರತಿ ಚಿಹ್ನೆಗೆ) 3 ಬೈಟ್. ಒತ್ತು, ಗುಣಿತದ ಚಿಹ್ನೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ತೊಟ್ಟಿಯಲ್ಲಿ ಇಂಥವು 6, ಅಂದರೆ 18 ಬೈಟ್ ಬೇಕು. ಕೊನೆಯ ಗುಡಿಸನ್ನು ಕರ್ನಲ್ ನುಂಗಿತ್ತು. ಪೂರ್ತಿ ‘ತೊಟ್ಟಿ’ ಕೊಟ್ಟರೆ ಪೀಗ್ರೆಪ್ಪಿಗೂ ಸಿಗೋದಿಲ್ಲ.

ಹೆಸರು ‘ನೀರು’ ಅಂತ ಬದಲಿಸಿದೆ. 12 ಬೈಟ್. ಗಾಳಿಮಾಪಕದ ಬಟ್ಟಲುಗಳೂ ಬಂದಿವೆ. ‘ಗಾಳಿ’, ಅದೂ 12ಕ್ಕೇ ಮುಗಿಯುತ್ತೆ.